ಗುಡ್ಡು ಹೊರಡುವ ಸಮಯ

ನಮ್ಮ ಮನೆಯಲ್ಲಿ ನನ್ನ ಸಿಟ್ಟಿಗೆ ಯಾರೂ ಕಿಮ್ಮತ್ತು ಕೊಡುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಾಗ ಇಡೀ ಬಸ್ಸು ನನಗೆ ಹೆದರುತ್ತಿತ್ತು. ಬಾಗಿಲಲ್ಲಿ ಜೋತು ಬೀಳುವ ಕಾಲೇಜು ಹುಡುಗರು ನನ್ನ ಕಣ್ಣು ನೋಡಿಯೇ ಒಳಗೆ ಸರಿಯುತ್ತಿದ್ದರು. ನಿವೃತ್ತನಾಗಿ ಸಂತಪುರದ ಮನೆಯಲ್ಲಿ ಕೂತ ಮೇಲೆ ಅದೇ ಕಣ್ಣು ಬಿಟ್ಟರೆ ನನ್ನ ಹೆಂಡತಿ ಪ್ರಮಿಲಾ, “ಕಣ್ಣಾಗ ಏನರೆ ಬಿದ್ದದೇನ್ರಿ?” ಎಂದು ಕೇಳುತ್ತಾಳೆ. ಮೊಮ್ಮಗಳು ಕೇತಕಿಯ ಮುಂದಂತೂ ನನ್ನ ಆಟ ನಡೆಯುವುದೇ ಇಲ್ಲ. ನಾಲ್ಕನೇ ತರಗತಿಯ ಆ ಹುಡುಗಿ ಕೇಳಿದ್ದಕ್ಕೆ ನಾನು ಇಲ್ಲ ಎಂದದ್ದು ನನಗೆ ನೆನಪಿಲ್ಲ.

ಕುದುರೆ ಬಂದದ್ದೂ ಹೀಗೆಯೇ.

ಪ್ರತಿ ವರ್ಷ ರಾಜ್ಯೋತ್ಸವದ ದಿನ ನಮ್ಮೂರ ಶಾಲೆಯಿಂದ ಬಸ್ ನಿಲ್ದಾಣದವರೆಗೆ ಮಕ್ಕಳ ಮೆರವಣಿಗೆ ಹೋಗುತ್ತದೆ. ಒಬ್ಬ ಹುಡುಗಿ ಕಿತ್ತೂರು ಚೆನ್ನಮ್ಮನ ವೇಷ ಹಾಕಿ, ಕತ್ತಿ ಹಿಡಿದು, ನಿಲ್ದಾಣದ ಮುಂದೆ ಭಾಷಣ ಮಾಡುತ್ತಾಳೆ. ಹೋದ ವರ್ಷ ರಾಣಿಯನ್ನು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ್ದರು. ಟ್ರಾಲಿಯಲ್ಲಿ ತೊಗರಿ ಹೊಟ್ಟು ಉಳಿದಿತ್ತು. ಬ್ರಿಟಿಷರ ಮೇಲೆ ಗರ್ಜಿಸಬೇಕಾದ ರಾಣಿ ಸೀನಿ ಸೀನಿ ಸುಸ್ತಾದಳು. ಈ ಸಲ ಮುಖ್ಯ ಶಿಕ್ಷಕಿ ಮುಸರ್ರತ ಟೀಚರ್ ಪಾಲಕರ ಸಭೆಯಲ್ಲಿ ಎದ್ದು ನಿಂತು, “ಈ ವರ್ಷ ರಾಣಿ ಕುದುರಿ ಮ್ಯಾಲೇ ಬರಬೇಕ್ರಿ. ಯಾರ ಮನಿಯವರು ಕುದುರಿ ತರ್ತಾರ, ಅವರ ಹುಡುಗಿನೇ ರಾಣಿ” ಎಂದರು. ಕೇತಕಿ ನನ್ನ ಕಡೆ ತಿರುಗಿ ನೋಡಿದಳು. ನನ್ನ ಕೈ ತಾನಾಗಿಯೇ ಮೇಲೆ ಹೋಯಿತು.

ಮನೆಗೆ ಬಂದ ಮೇಲೆ ಪ್ರಮಿಲಾ ಚಹಾದ ಕಪ್ಪನ್ನು ನನ್ನ ಮುಂದೆ ಕುಕ್ಕಿದಳು.

“ಆ ಪಾರ್ಟು ನಾಜಿಯಾಂದಿತ್ತು. ಪಾಪ, ತಿಂಗಳಿಂದ ಭಾಷಣ ಬಾಯಿಪಾಠ ಮಾಡ್ಲಕತ್ತಿತ್ತು ಹುಡುಗಿ. ನೀವು ನಡಬರಕ ಕೈ ಎತ್ತಿದ್ರಿ.”

ನಾಜಿಯಾ ನಮ್ಮ ಎದುರು ಮನೆಯ ಆಬೇದಾಳ ಮಗಳು. ಕೇತಕಿಯ ಓರಗೆಯವಳು, ಅದೇ ತರಗತಿ, ಅದೇ ಬೆಂಚು. ಇಬ್ಬರೂ ಬೆಳಿಗ್ಗೆ ಒಟ್ಟಿಗೆ ಹೋಗಿ ಸಂಜೆ ಒಟ್ಟಿಗೆ ಬರುವವರು. ಸಭೆಯ ಮರುದಿನದಿಂದ ಒಬ್ಬಳು ರಸ್ತೆಯ ಈ ಬದಿಗೆ, ಇನ್ನೊಬ್ಬಳು ಆ ಬದಿಗೆ. ಠೂ ಬಿಟ್ಟಿದ್ದರು. ಟೀಚರ್ ನಾಜಿಯಾಳಿಗೆ ಒನಕೆ ಓಬವ್ವನ ಪಾತ್ರ ಕೊಟ್ಟರು. ಒನಕೆ ಹೊತ್ತು ಕುದುರೆಯ ಹಿಂದೆ ನಡೆದು ಬರುವುದಷ್ಟೇ ಕೆಲಸ, ಮಾತಿಲ್ಲ. ಆಬೇದಾ ಹೊಲಿಗೆ ಕೆಲಸದವಳು. ತನ್ನ ಮಗಳ ಕೈತಪ್ಪಿದ ರಾಣಿಯ ಜರಿ ಅಂಗಿಯನ್ನು ಅವಳೇ ಹೊಲಿದಳು, ಒಂದು ಹೊಲಿಗೆಯೂ ಡೊಂಕಿರಲಿಲ್ಲ. ಅದು ನನಗೆ ಸ್ವಲ್ಪ ಚುಚ್ಚಿತು. ಆದರೆ ಎತ್ತಿದ ಕೈಯನ್ನು ಇಳಿಸುವುದು ಹೇಗೆ?

ಕುದುರೆ ಸಿಕ್ಕಿದ್ದು ನನ್ನ ಹಳೆಯ ವೈರಿ ಅಯ್ಯುಬನ ಹತ್ತಿರ. ಕೆಲವು ವರ್ಷ ನಾನು ಭಾಲ್ಕಿಯಿಂದ ಹಲಬರ್ಗಾಕ್ಕೆ ಹೋಗುವ ಬಸ್ಸಿನ ಮೇಲಿದ್ದೆ. ನನ್ನ ಬಸ್ಸಿನ ಮೂತಿಗೇ ತನ್ನ ಟಂಟಂ ಆಟೊ ನಿಲ್ಲಿಸಿ, “ಹಲಬರ್ಗಾ, ಹಲಬರ್ಗಾ” ಎಂದು ಕೂಗಿ ನನ್ನ ಪ್ರಯಾಣಿಕರನ್ನು ತುಂಬಿಕೊಂಡು ಹೋಗುತ್ತಿದ್ದವನು ಇವನು. ನಾನು ಗಡಿಯಾರದ ಮನುಷ್ಯ. ಬಸ್ಸಿನಲ್ಲಿ ಒಬ್ಬನೇ ಇರಲಿ, ಸಮಯವಾಯಿತೆಂದರೆ ವಿಸಲ್ ಊದಿ ‘ರೈಟ್’ ಅನ್ನುವವನು. ಅವನೋ, ಮುಂದೆ ಡ್ರೈವರಿನ ತೊಡೆಯ ಪಕ್ಕದ ಜಾಗವೂ ತುಂಬುವವರೆಗೆ ಜಪ್ಪಯ್ಯ ಎಂದರೂ ಗಾಡಿ ಬಿಡುತ್ತಿರಲಿಲ್ಲ. ಇದರ ಮೇಲೆ ನಾವು ಎಷ್ಟು ಜಗಳಾಡಿದೆವೆಂದರೆ, ಜಗಳಾಡಿ ಆಡಿ ಸ್ನೇಹಿತರಾಗಿಬಿಟ್ಟೆವು. ಈಗ ಅವನು ಟಂಟಂ ಮಾರಿ ಬೀದರಿನ ಚಿದ್ರಿಯಲ್ಲಿದ್ದಾನೆ. ಒಂದು ತಟ್ಟು ಕುದುರೆ ಕಟ್ಟಿಕೊಂಡು, ಕೋಟೆಯ ಮುಂದೆ ಮಕ್ಕಳನ್ನು ಕೂರಿಸಿ ಸುತ್ತು ಹೊಡೆಸುತ್ತಾನೆ.

ನಾನು ಕೇಳಿದ ಕೂಡಲೇ ಒಪ್ಪಿಕೊಂಡ. “ನಿಮ್ಮ ಮೊಮ್ಮಗಳು ನನ್ನ ಮೊಮ್ಮಗಳಲ್ಲೇನ್ರಿ ಕಂಡಕ್ಟರ್ ಸಾಬ್? ವಾರ ಮೊದಲೇ ಒಯ್ಯಿರಿ. ಹುಡುಗಿಗಿ ರೂಢಿ ಆಗ್ಲಿ. ನಾ ಹಬ್ಬದ ದಿನ ಮುಂಜಾನಿ ಬರ್ತೇನಿ.”

ಹಾಗೆ ಛೋಟಾ ಹಾತಿ ಎನ್ನುವ ಸಣ್ಣ ಸರಕು ಗಾಡಿಯಲ್ಲಿ ನಿಂತು ಸಂತಪುರಕ್ಕೆ ಬಂದಿಳಿಯಿತು ಗುಡ್ಡು. ಕಂದು ಮೈ, ಹಣೆಯ ಮೇಲೆ ಬಿಳಿ ಮಚ್ಚೆ, ಎತ್ತರ ನನ್ನ ಎದೆಯವರೆಗೆ. ಗುಣ ಬಂಗಾರ. ಲಗಾಮು ಹಿಡಿದು ಕರೆದರೆ ಹಿಂದೆಯೇ ಬರುತ್ತಿತ್ತು, ನೀರು ಕುಡಿದು ತಾನೇ ಗೂಟದ ಹತ್ತಿರ ಹೋಗಿ ನಿಲ್ಲುತ್ತಿತ್ತು. ಕೇತಕಿ ಅದರ ಕುತ್ತಿಗೆ ತಬ್ಬಿ ಮೊದಲ ದಿನವೇ ಅರ್ಧ ಡಬ್ಬಿ ಬೆಲ್ಲ ತಿನ್ನಿಸಿದಳು.

ಸಂಜೆ ಅವಳನ್ನು ಮೇಲೆ ಕೂರಿಸಿದೆ. ಗುಡ್ಡು ನಿಂತಿತು. ನಾನು “ನಡಿ” ಅಂದೆ. ಅದು ಕಿವಿ ಆಡಿಸಿತು. ಲಗಾಮು ಎಳೆದೆ. ಕುತ್ತಿಗೆ ಮಾತ್ರ ಮುಂದೆ ಬಂತು, ಕಾಲು ಅಲ್ಲೇ. ಕೊನೆಗೆ ಪೆಟ್ಟಿಗೆಯಲ್ಲಿಟ್ಟಿದ್ದ ನನ್ನ ಹಳೆಯ ವಿಸಲ್ ತಂದು ಊದಿ, “ರೈಟ್” ಎಂದು ಕೂಗಿದೆ. ಎದುರು ಮನೆಯ ಮೇಕೆಗಳು ಓಡಿದವು. ಗುಡ್ಡು ನಿಧಾನಕ್ಕೆ ಕತ್ತು ತಿರುಗಿಸಿ ತನ್ನ ಬೆನ್ನನ್ನೇ ಒಮ್ಮೆ ನೋಡಿಕೊಂಡಿತು, ಆಮೇಲೆ ರಸ್ತೆ ನೋಡಿತು, ಮತ್ತೆ ಸುಮ್ಮನೆ ನಿಂತಿತು. ಅದರ ಮುಖದಲ್ಲಿ ಹಟವಿರಲಿಲ್ಲ. ಯಾರದೋ ದಾರಿ ಕಾಯುವವರ ಸಮಾಧಾನವಿತ್ತು. ನನಗೆ ಅದೇ ಹೆಚ್ಚು ಸಿಟ್ಟು ತರಿಸಿತು.

ಕೇತಕಿಯನ್ನು ಇಳಿಸಿದರೆ ಸಾಕು, ಹಗ್ಗ ಹಿಡಿದವರ ಹಿಂದೆ ಕುರಿಮರಿಯಂತೆ ನಡೆಯುತ್ತಿತ್ತು. ಹತ್ತಿಸಿದರೆ ಮತ್ತೆ ಕಂಬ.

ಮರುದಿನದಿಂದ ನಮ್ಮ ಅಂಗಳ ಬಸ್ ನಿಲ್ದಾಣವಾಯಿತು. ಬಂದವರೆಲ್ಲರೂ ಒಂದೊಂದು ಉಪಾಯ ಹೇಳುವವರೇ. ಕುದುರೆಯ ಮುಂದೆ ಹಸಿ ಹುಲ್ಲು ಹಿಡಿಯಿರಿ ಅಂದರು, ಹಿಡಿದೆವು. ಕುತ್ತಿಗೆ ಉದ್ದ ಮಾಡಿ ತಿಂದಿತು. ದೃಷ್ಟಿಯಾಗಿದೆ ಅಂದರು. ಪ್ರಮಿಲಾ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಗುಡ್ಡುವಿಗೆ ಏನೂ ಆಗಲಿಲ್ಲ, ನಾವೆಲ್ಲ ಕೆಮ್ಮಿದೆವು. ಔರಾದದಿಂದ ದನಗಳ ಡಾಕ್ಟರನ್ನು ಕರೆಸಿದೆ. ಅವರು ಗೊರಸು ಎತ್ತಿ ನೋಡಿದರು, ಬೆನ್ನು ಒತ್ತಿ ನೋಡಿದರು, ಜೀನಿನ ಕೆಳಗೆ ಕೈ ಹಾಕಿ ನೋಡಿದರು. “ನೋವಿಲ್ಲ, ಗಾಯ ಇಲ್ಲ, ನಿಮಗಿಂತ ತಬಿಯತ್ತು ಛಲೋ ಅದ” ಎಂದು ಹೇಳಿ ಹೋದರು. ನನ್ನ ತಬಿಯತ್ತಿನ ಮಾತು ಅಲ್ಲಿ ಬೇಕಿರಲಿಲ್ಲ.

ಅಯ್ಯುಬನಿಗೆ ಫೋನು ಮಾಡಿದೆ. ಕುದುರೆ ಇಲ್ಲದಿದ್ದರೂ ಅವನು ಕೋಟೆಯ ಮುಂದೆಯೇ ಇದ್ದ, ಅಲ್ಲಿನ ಗದ್ದಲ ಕೇಳುತ್ತಿತ್ತು.

“ನಿಂತದಾ? ನಮ್ಮ ಗುಡ್ಡು? ಆಗಂಗೇ ಇಲ್ಲ. ದಿನಾ ಇಲ್ಲಿ ನಾ ಬ್ಯಾಡಂದ್ರೂ ನಡೀತದ. ನೀವು ಲಗಾಮ ತಪ್ಪ ಹಿಡದಿರಬೇಕ್ರಿ.”

“ಲಗಾಮ ಹಿಡಿಲಾಕ ಏನ್ ಪರೀಕ್ಷಾ ಪಾಸಾಗಬೇಕೇನೋ?” ಎಂದು ಫೋನು ಇಟ್ಟೆ.

ಆ ಸಂಜೆ ಸಿಟ್ಟು ತಡೆಯಲಾರದೆ ಬೇಲಿಯಿಂದ ಒಂದು ಜಾಲಿ ಕೋಲು ಎಳೆದುಕೊಂಡೆ. ಕೇತಕಿ ಕುದುರೆಯ ಮೇಲಿಂದಲೇ ಬಾಗಿ ಅದರ ಕಿವಿ ಮುಚ್ಚಿದಳು.

“ಹೊಡೀಬ್ಯಾಡ ಮುತ್ಯಾ. ಅದಕ್ಕ ಮನಸಿಲ್ಲ ಅಂದ್ರ ಇಲ್ಲ.”

ಕೋಲು ಬಿಸಾಕಿದೆ. ಹೊಡೆಯುವವನೇ ಅಲ್ಲ ನಾನು, ಆದರೆ ಅವಳಿಗೆ ಅದು ಗೊತ್ತಿದ್ದರೂ ಹೇಳಿದಳಲ್ಲ, ಅದಕ್ಕೆ ನಾಚಿಕೆಯಾಯಿತು.

ರಾಜ್ಯೋತ್ಸವದ ಹಿಂದಿನ ದಿನ ಮುಸರ್ರತ ಟೀಚರ್ ಮನೆಗೆ ಬಂದರು. ಒಳ್ಳೆಯ ಹೆಂಗಸು, ಸುತ್ತಿ ಬಳಸಿ ಮಾತಾಡುವವರಲ್ಲ. ಅಂಗಳದಲ್ಲಿ ನಿಂತ ರಾಣಿಯನ್ನೂ ನಿಂತ ಕುದುರೆಯನ್ನೂ ನೋಡಿ, “ಕಾಕಾ, ನಾಳಿ ಮುಂಜಾನಿ ಇದು ನಡದ್ರ ಕೇತಕಿ ರಾಣಿ. ನಡೀಲಿಲ್ಲಂದ್ರ ಹೋದ ವರ್ಷದಂಗ ಟ್ರ್ಯಾಕ್ಟರ್ ತರಸ್ತೇನಿ. ಭಾಷಣ ನಾಜಿಯಾಗ ಪೂರಾ ಬರ್ತದ, ಅಕಿನೇ ರಾಣಿ ಆಗ್ತಾಳ. ಕುದುರಿ ಮ್ಯಾಲ ಬರ್ತೇನಿ ಅಂದಿದ್ದಕ್ಕೇ ಅಲ್ಲೇನ್ರಿ ಕೇತಕಿಗಿ ಕೊಟ್ಟಿದ್ದು?” ಎಂದರು. ಮಾತು ಸರಿಯಾಗಿಯೇ ಇತ್ತು.

ಕೇತಕಿ ಅಳಲಿಲ್ಲ. ಅತ್ತಿದ್ದರೆ ನಾನು ಬೆಲ್ಲವೋ ಬಿಸ್ಕೀಟೋ ಕೊಟ್ಟು ಪಾರಾಗುತ್ತಿದ್ದೆ. ಗುಡ್ಡುವಿನ ಹಣೆಗೆ ತನ್ನ ಹಣೆ ಹಚ್ಚಿ ಸುಮಾರು ಹೊತ್ತು ನಿಂತಿದ್ದಳು. ಆಮೇಲೆ ನನ್ನ ಪಕ್ಕ ಬಂದು ಕೂತು, “ಮುತ್ಯಾ, ನಾಜಿಯಾ ಇದ್ದಿದ್ರ ಏನಾರ ಹೇಳ್ತಿದ್ಳು. ಅಕಿಗಿ ಎಲ್ಲಾ ತಿಳೀತದ” ಅಂದಳು.

“ಹೋಗಿ ಕೇಳು.”

“ಅಕಿನೇ ಮೊದ್ಲ ಮಾತಾಡ್ಲಿ” ಎಂದು ಒಳಗೆ ಹೋದಳು. ಯಾರ ಮೊಮ್ಮಗಳು ಅವಳು, ಹೇಳಿ.

ಬೆಳಿಗ್ಗೆ ಬೀದರಿನಿಂದ ಬರುವ ಮೊದಲ ಬಸ್ಸಿಗೆ ಅಯ್ಯುಬ ಬಂದಿಳಿದ. ಬಸ್ಸು ಸರಿಯಾದ ಸಮಯಕ್ಕೇ ಬಂದಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಇಸ್ತ್ರಿ ಹಾಕಿದ ಜುಬ್ಬಾ ತೊಟ್ಟು, ಕಣ್ಣಿಗೆ ಸುರ್ಮಾ ಹಚ್ಚಿ, ತಾನೇ ಮೆರವಣಿಗೆಯಲ್ಲಿ ಕೂರುವವನಂತೆ ಬಂದ. ಗುಡ್ಡು ಅವನನ್ನು ನೋಡಿ ಕೆನೆಯಿತು.

ಶಾಲೆಯ ಗೇಟಿನ ಮುಂದೆ ಮೆರವಣಿಗೆ ಸಾಲುಗಟ್ಟಿತ್ತು. ಮುಂದೆ ಹಳದಿ ಕೆಂಪು ಬಾವುಟ ಹಿಡಿದವರು, ಅವರ ಹಿಂದೆ ಹಲಗೆ ಬಾರಿಸುವವರು, ಆಮೇಲೆ ಕುದುರೆಯ ಜಾಗ, ಕುದುರೆಯ ಹಿಂದೆ ವೇಷದ ಮಕ್ಕಳು: ಒಬ್ಬ ರೈತ, ಒಬ್ಬ ಸೈನಿಕ, ಭುಜದ ಮೇಲೆ ಒನಕೆ ಹೊತ್ತ ಓಬವ್ವ. ಓಬವ್ವ ಆಕಾಶ ನೋಡುತ್ತಿದ್ದಳು. ರಸ್ತೆಯ ಅಂಚಿನಲ್ಲಿ ಟ್ರ್ಯಾಕ್ಟರ್ ತಯಾರಾಗಿ ನಿಂತಿತ್ತು. ಈ ಸಲ ಟ್ರಾಲಿಯನ್ನು ತೊಳೆದಿದ್ದರು.

ಅಯ್ಯುಬ ಕೇತಕಿಯನ್ನು ಎತ್ತಿ ಕೂರಿಸಿದ. ಜರಿ ಅಂಗಿ, ತಲೆಗೆ ಕಿರೀಟ, ಕೈಯಲ್ಲಿ ಬೆಳ್ಳಿ ಕಾಗದ ಸುತ್ತಿದ ಕತ್ತಿ. ನನ್ನ ಕಣ್ಣಿಗೆ ಅವಳು ನಿಜವಾಗಿಯೂ ರಾಣಿಯಾಗಿದ್ದಳು. ಹಲಗೆ ಶುರುವಾಯಿತು. ಬಾವುಟದವರು ಹೊರಟರು. ಅಯ್ಯುಬ ಲಗಾಮು ಹಿಡಿದು, “ಚಲ್ ಬೇಟಾ” ಎಂದ.

ಗುಡ್ಡು ನಿಂತಿತು.

“ಚಲ್ ಮೇರೆ ಲಾಲ್, ಇಜ್ಜತ್ ಕಾ ಸವಾಲ್ ಹೈ,” ಎಂದು ಮಾನ ಉಳಿಸಲು ಬೇಡಿಕೊಂಡ. ಗುಡ್ಡು ಕತ್ತು ತಿರುಗಿಸಿ ಬೆನ್ನು ನೋಡಿಕೊಂಡಿತು. ಅಯ್ಯುಬನ ಸುರ್ಮಾ ಬೆವರಿಗೆ ಇಳಿಯತೊಡಗಿತು. ಮುಂದಿನವರು ಅಂಗಡಿಯ ತಿರುವಿನವರೆಗೆ ಹೋಗಿ, ಹಿಂದೆ ಯಾರೂ ಇಲ್ಲವೆಂದು ತಿಳಿದು ನಿಂತರು. ಟೀಚರ್ ಟ್ರ್ಯಾಕ್ಟರಿನ ಕಡೆ ಕೈ ಮಾಡಿದರು. ಟ್ರ್ಯಾಕ್ಟರ್ ಗುಡುಗಿತು. ಕೇತಕಿ ತೆಗೆಯಲೆಂದು ತಲೆಯ ಕಿರೀಟಕ್ಕೆ ಕೈ ಹಾಕಿದಳು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

“ಕೋಟಿ ಮುಂದ ಇದು ಹ್ಯಾಂಗ ಹೊಂಡ್ತದ ಹೇಳು ಮೊದಲ. ಏನ್ ಮಾಡ್ತಿ ನೀ ಅಲ್ಲಿ?”

“ಏನದ ಅದ್ರಾಗ, ಕಂಡಕ್ಟರ್ ಸಾಬ್? ಒಂದು ಪೋರ ಮುಂದ ಕೂಡಸ್ತೇನಿ, ಒಂದು ಪೋರ ಹಿಂದ ಕೂಡಸ್ತೇನಿ, ಬಾಜೂಕ ಎರಡು ಸಲ ಬಡೀತೇನಿ. ಹೊಂಡ್ತದ.”

“ಒಬ್ಬನೇ ಬಂದ್ರ?”

“ಒಬ್ಬನಿಗಿ ಯಾರು ಬಿಡ್ತಾರ್ರಿ? ಇನ್ನೊಬ್ಬ ಬರೋತನಕ ನಿಂದರಸ್ತೇನಿ. ಮೊದಲಿಂದೂ ಹಂಗೇ...”

ಅವನ ಬಾಯಿ ತೆರೆದಂತೆಯೇ ನಿಂತಿತು. ನನ್ನದೂ. ವಾರವಿಡೀ ಆ ಬಡಪಾಯಿ ಪ್ರಾಣಿ ಬೆನ್ನು ತಿರುಗಿ ನೋಡುತ್ತಿದ್ದದ್ದು, ರಸ್ತೆ ನೋಡುತ್ತಿದ್ದದ್ದು ಎಲ್ಲ ಒಮ್ಮೆಲೇ ನನಗೆ ತಿಳಿಯಿತು. ನಾವು ಹುಲ್ಲು ಹಿಡಿದು, ಮೆಣಸಿನಕಾಯಿ ಸುಟ್ಟು, ಡಾಕ್ಟರನ್ನು ಕರೆಸಿ ಕುಣಿದಾಡುತ್ತಿದ್ದೆವು. ಅದು ಮಾತ್ರ ಕಲಿತ ಕೆಲಸವನ್ನು ನಿಯತ್ತಿನಿಂದ ಮಾಡುತ್ತಿತ್ತು. ಇನ್ನೊಬ್ಬ ಪ್ರಯಾಣಿಕನಿಗಾಗಿ ಕಾಯುತ್ತಿತ್ತು.

“ಟಂಟಂ ಮಾರಿದಿ, ಟಂಟಂ ಚಾಳಿ ಮಾರಲಿಲ್ಲ ಅಯ್ಯುಬ” ಎಂದೆ. ಬೈಯಬೇಕೆಂದು ಬಾಯಿ ತೆರೆದಿದ್ದೆ, ನಗು ಬಂತು.

ಇನ್ನೊಬ್ಬರು ಬೇಕು ಎಂಬ ಸುದ್ದಿ ಹಬ್ಬಿದ್ದೇ ತಡ, ಅರ್ಧ ಶಾಲೆ ಕೈ ಎತ್ತಿತು. ಟೀಚರ್ ಅಡ್ಡ ನಿಂತರು. “ರಾಣಿ ಹಿಂದ ಯೂನಿಫಾರಂ ಹಾಕ್ಕೊಂಡವರು ಕುಂತ್ರ ಜನ ನಗ್ತಾರ. ಕೂಡೋರು ವೇಷದಾಗ ಇರಬೇಕು.” ವೇಷದಲ್ಲಿ ಇದ್ದವರು ರೈತ, ಸೈನಿಕ ಮತ್ತು ಓಬವ್ವ. ರೈತನೂ ಸೈನಿಕನೂ ಆಗಲೇ ಗುಡ್ಡುವಿನ ಪಕ್ಕಕ್ಕೆ ಓಡಿ ಬಂದು ಒಬ್ಬರನ್ನೊಬ್ಬರು ನೂಕಾಡುತ್ತಿದ್ದರು. ಓಬವ್ವ ಮಾತ್ರ ನಿಂತಲ್ಲೇ ನಿಂತು ಆಕಾಶ ನೋಡುವುದನ್ನು ಮುಂದುವರಿಸಿದ್ದಳು. ಟ್ರ್ಯಾಕ್ಟರ್ ಹೊರಟರೆ ರಾಣಿಯ ಪಾರ್ಟು ತನಗೇ ಬರುತ್ತದೆಂದು ಅವಳಿಗೂ ಗೊತ್ತಿತ್ತು.

ಕೇತಕಿ ಕುದುರೆಯ ಮೇಲಿಂದ ಹಿಂದಕ್ಕೆ ತಿರುಗಿದಳು. ರೈತನನ್ನು ನೋಡಲಿಲ್ಲ, ಸೈನಿಕನನ್ನೂ ನೋಡಲಿಲ್ಲ. ಎತ್ತಿ ಹಿಡಿದಿದ್ದ ಕತ್ತಿಯನ್ನು ಮಡಿಲಿಗೆ ಇಳಿಸಿದಳು. ಹಟ ನುಂಗುವುದು ಎಷ್ಟು ಕಷ್ಟವೆಂದು ನನಗೆ ಚೆನ್ನಾಗಿ ಗೊತ್ತು, ನಮ್ಮ ವಂಶದಲ್ಲಿ ಅದು ಯಾರಿಗೂ ಸುಲಭಕ್ಕೆ ಬಂದಿಲ್ಲ.

“ನಾಜಿಯಾ” ಎಂದಳು. “ಒಂದು ಸೀಟು ಖಾಲಿ ಅದ. ಬರ್ತಿ ಏನ?”

ನಾಜಿಯಾ ಆಕಾಶದಿಂದ ಕಣ್ಣು ಇಳಿಸಿದಳು. ಟ್ರ್ಯಾಕ್ಟರನ್ನು ಒಮ್ಮೆ ನೋಡಿದಳು. ಆಮೇಲೆ ಕುದುರೆಯ ಮೇಲಿನ ಗೆಳತಿಯನ್ನು ನೋಡಿದಳು.

“ಒನಕಿ ಎಲ್ಲಿ ಇಡ್ಲಿ?”

“ನಡಬರಕ ಹಿಡ್ಕೊಂಡ್ರಾಯ್ತು, ಬಾ.”

ಓಬವ್ವ ಓಡಿ ಬಂದಳು. ಮುಸರ್ರತ ಟೀಚರಿಗೆ ಆಗ ಇತಿಹಾಸ ನೆನಪಾಯಿತು. “ಕಾಕಾ, ಒಬ್ಬಾಕಿ ಕಿತ್ತೂರಿನಾಕಿ, ಒಬ್ಬಾಕಿ ಚಿತ್ರದುರ್ಗದಾಕಿ. ಕಾಲನೂ ಬ್ಯಾರೆ. ಒಂದೇ ಕುದುರಿ ಮ್ಯಾಲ ಹ್ಯಾಂಗ ಬರ್ತಾರ್ರಿ?”

“ಬಸ್ಸಿನ್ಯಾಗ ಎಲ್ಲಾ ಊರಿನವರೂ ಒಂದೇ ಸೀಟಿನ ಮ್ಯಾಲ ಕುಂದರ್ತಾರ ಟೀಚರ್. ನಾ ಜಲ್ಮೆಲ್ಲ ನೋಡಿದ್ದು ಅದೇ” ಎಂದೆ. ಅವರು ನಕ್ಕು ಟ್ರ್ಯಾಕ್ಟರನ್ನು ಬಂದ್ ಮಾಡಿಸಿದರು.

ಅಯ್ಯುಬ ನಾಜಿಯಾಳನ್ನು ಎತ್ತಿ ಹಿಂದೆ ಕೂರಿಸಿದ. ಇಬ್ಬರೂ ಸಣಕಲು ಹುಡುಗಿಯರು, ಗುಡ್ಡುವಿಗೆ ಭಾರವಲ್ಲ. ಅದು ಕತ್ತು ತಿರುಗಿಸಿ ಬೆನ್ನು ನೋಡಿತು. ಕಿವಿಗಳು ನೆಟ್ಟಗಾದವು. ಲಗಾಮು ಹಿಡಿದ ಅಯ್ಯುಬ ನನಗೆ ಕಣ್ಣು ಮಿಟುಕಿಸಿ, “ನೀವೇ ಬಿಡ್ರಿ ಗಾಡಿ” ಅಂದ. ನಾನು ಗುಡ್ಡುವಿನ ಪಕ್ಕಕ್ಕೆ ಎರಡು ಸಲ ಬಡಿದು, “ರೈಟ್” ಅಂದೆ.

ಗುಡ್ಡು ಹೊರಟಿತು. ಅದೇನು ನಡಿಗೆ ಅಂತೀರಿ. ಹಲಗೆಯ ಸದ್ದಿಗೆ ಬೆದರಲಿಲ್ಲ, ಪಟಾಕಿಗೆ ಬೆದರಲಿಲ್ಲ, ಮುಂದೆ ಕತ್ತಿ, ಹಿಂದೆ ಒನಕೆ ಹೊತ್ತುಕೊಂಡು ಸಂತಪುರದ ಬೀದಿಯಲ್ಲಿ ಗತ್ತಿನಿಂದ ಹೋಯಿತು. ಜನ ಮೊದಲು ನಕ್ಕರು, ಆಮೇಲೆ ಚಪ್ಪಾಳೆ ತಟ್ಟಿದರು. ಔರಾದದ ಬಸ್ಸೊಂದು ನಮ್ಮ ಹಿಂದೆ ಸಿಕ್ಕಿಕೊಂಡು ಹಾರ್ನ್ ಹೊಡೆಯತೊಡಗಿತು. ಅದರ ಕಂಡಕ್ಟರ್ ತಲೆ ಹೊರಗೆ ಹಾಕಿ, “ಕಾಕಾ, ಟೈಮ್ ಆಯ್ತ್ರಿ” ಎಂದು ಕೂಗಿದ. ನಾನು ಕೈಗಡಿಯಾರ ನೋಡಿಕೊಳ್ಳಲೇ ಇಲ್ಲ.

ನಿಲ್ದಾಣದ ಮುಂದೆ ಕೇತಕಿ ಭಾಷಣ ಶುರು ಮಾಡಿ ಅರ್ಧಕ್ಕೆ ಮರೆತಳು. ಕುದುರೆಯ ಮೇಲೆ ಕತ್ತಿ ಎತ್ತಿ ಹಿಡಿದು ಹಾಗೆಯೇ ಕೂತುಬಿಟ್ಟಳು. ಆಗ ಹಿಂದಿನಿಂದ ಓಬವ್ವನ ಗಟ್ಟಿ ದನಿ ಕೇಳಿತು. ನಾಜಿಯಾ ಒಂದೊಂದೇ ಮಾತು ಹೇಳಿಕೊಟ್ಟಳು, ಕೇತಕಿ ಒಂದೊಂದೇ ಮಾತು ಕೂಗಿದಳು. ಕೊನೆಗೆ ಇಬ್ಬರೂ ಒಟ್ಟಿಗೆ ಕೂಗಿದರು. ಅಷ್ಟು ಜೋರಿನ ಭಾಷಣ ನಮ್ಮ ನಿಲ್ದಾಣದಲ್ಲಿ ಹಿಂದೆ ಆಗಿರಲಿಲ್ಲ.

ಮುಗಿದ ಮೇಲೆ ಅಯ್ಯುಬ ಕುದುರೆಯನ್ನು ಶಾಲೆಯ ಕಡೆ ತಿರುಗಿಸಿದ. ಕೇತಕಿ, “ನಿಂದರ್ರಿ ಕಾಕಾ” ಎಂದು ಕೆಳಗೆ ಜಾರಿದಳು. ತಲೆಯ ಕಿರೀಟ ತೆಗೆದು ನಾಜಿಯಾಳಿಗೆ ಕೊಟ್ಟಳು. ಕತ್ತಿಯನ್ನೂ ಕೊಟ್ಟಳು. ಒನಕೆಗೆ ಕೈ ಚಾಚಿದಳು.

“ಬರಾಗ ನಾ ರಾಣಿ. ಹೋಗಾಗ ನೀ. ಮುಂದ ಸರಿ.”

ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ನಾನಂತೂ ಇಲ್ಲ. ನಾಜಿಯಾ ಕಿರೀಟ ಹಾಕಿಕೊಂಡು ಮುಂದೆ ಸರಿದಳು. ರಸ್ತೆಯ ಅಂಚಿನಲ್ಲಿ ನಿಂತಿದ್ದ ಆಬೇದಾ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಗುಡ್ಡು ಮಾತ್ರ ಹಿಂದಿನ ಸೀಟು ಖಾಲಿಯಿದೆಯೆಂದು ಅಲ್ಲಾಡದೆ ನಿಂತಿತ್ತು. ಕೇತಕಿ ಹತ್ತಿ ಕೂತು ಗೆಳತಿಯ ಸೊಂಟ ಹಿಡಿದ ಮೇಲೆಯೇ ಅದು ಕಿವಿ ನೆಟ್ಟಗೆ ಮಾಡಿತು.

ಪಕ್ಕದಲ್ಲಿ ನಿಂತ ಪ್ರಮಿಲಾ ನನ್ನ ಮುಖ ನೋಡಿದಳು.

“ಕಣ್ಣಾಗ ಏನರೆ ಬಿದ್ದದೇನ್ರಿ?”

“ಹೂಂ, ಬಿದ್ದದ” ಎಂದೆ. ಗುಡ್ಡುವಿನ ಪಕ್ಕಕ್ಕೆ ಎರಡು ಸಲ ಬಡಿದೆ. ಈ ಸಲ ‘ರೈಟ್’ ಅನ್ನಲು ದನಿ ಏಳಲಿಲ್ಲ. ಗುಡ್ಡು ಅದಕ್ಕೆ ಕಾಯಲಿಲ್ಲ, ಸೀಟು ಭರ್ತಿಯಾಗಿತ್ತು, ಹೊರಟಿತು.